ಚಿಪ್ ಗಟ್ಟಿಯಿದೆ, ಗೇಮ್ ಎಲ್ಲಿದೆ?

ಕಾಲೇಜು ಶುರುವಾಗುವ ಹೊತ್ತಿಗೆ ನಮ್ಮ ಹಾಸ್ಟೆಲಿನಲ್ಲಿ ಒಂದೇ ಚರ್ಚೆ: ಯಾವ ಲ್ಯಾಪ್‌ಟಾಪ್ ತಗೊಳ್ಳೋದು? ಈಗೀಗ ಅದರ ಜೊತೆ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿದೆ: ‘ಮ್ಯಾಕ್‌ಬುಕ್‌ನಲ್ಲಿ ಗೇಮ್ ಆಡಬಹುದಾ?’ ಓದಿಗೂ ಆಗಬೇಕು, ಕೋಡಿಂಗ್‌ಗೂ ಆಗಬೇಕು, ರಾತ್ರಿ ಗೇಮ್‌ಗೂ ಆಗಬೇಕು. ನಾಲ್ಕು ವರ್ಷಕ್ಕೆ ಒಂದೇ ಯಂತ್ರ. ಕಂಪ್ಯೂಟರ್ ಸೈನ್ಸ್ ಓದುತ್ತಾ, ಕಾಲೇಜಿನ ಗೇಮಿಂಗ್ ತಂಡದಲ್ಲೂ ಆಡುತ್ತಿರುವ ನನ್ನ ಉತ್ತರ ಇಷ್ಟೇ: ಮ್ಯಾಕ್‌ನ ಚಿಪ್ ದುರ್ಬಲವಲ್ಲ. ಆದರೂ ಗೇಮಿಂಗ್ ಅನ್ನು ಗಂಭೀರವಾಗಿ ತೆಗೆದುಕೊಂಡವರಿಗೆ ಅದು ಸರಿಯಾದ ಆಯ್ಕೆಯಲ್ಲ.

ಮೊದಲು ಹೊಗಳಬೇಕಾದ್ದನ್ನು ಹೊಗಳಿಬಿಡೋಣ. 2020ರ ನವೆಂಬರ್‌ನಲ್ಲಿ ಆಪಲ್ ತನ್ನದೇ ಎಂ1 ಚಿಪ್ ತಂದಿತು. ಇದರಲ್ಲಿ ಲೆಕ್ಕ ಮಾಡುವ ಸಿಪಿಯು, ಚಿತ್ರ ಬಿಡಿಸುವ ಜಿಪಿಯು ಎರಡೂ ಒಂದೇ ಮೆಮೊರಿಯನ್ನು ಹಂಚಿಕೊಳ್ಳುತ್ತವೆ. ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಕೆಲಸ ಆಗುತ್ತದೆ. 2023ರಲ್ಲಿ ಬಂದ ಎಂ3 ಚಿಪ್‌ನಲ್ಲಿ, ಬೆಳಕು ನೆರಳುಗಳನ್ನು ನಿಜದಂತೆ ಲೆಕ್ಕಹಾಕಿ ತೋರಿಸುವ ರೇ ಟ್ರೇಸಿಂಗ್ ಹಾರ್ಡ್‌ವೇರ್‌ನಲ್ಲೇ ಸೇರಿತು. ‘ರೆಸಿಡೆಂಟ್ ಈವಿಲ್ ವಿಲೇಜ್’, ‘ಬಾಲ್ಡರ್ಸ್ ಗೇಟ್ 3’ ಮ್ಯಾಕ್‌ಗೆ ಬಂದವು. 2025ರ ಜುಲೈನಲ್ಲಿ ‘ಸೈಬರ್‌ಪಂಕ್ 2077’ ಕೂಡ ಬಂತು. ದುಬಾರಿ ಗ್ರಾಫಿಕ್ಸ್ ಕಾರ್ಡ್‌ಗಳಿಗೇ ಬೆವರಿಳಿಸಿದ ಗೇಮ್ ಅದು.

ಆದರೆ ವಿದ್ಯಾರ್ಥಿಗಳು ಸಾಮಾನ್ಯವಾಗಿ ಕೊಳ್ಳುವುದು ಮ್ಯಾಕ್‌ಬುಕ್ ಏರ್. ಅದರಲ್ಲಿ ಫ್ಯಾನ್ ಇಲ್ಲ. ಗ್ರಂಥಾಲಯದಲ್ಲಿ ಸದ್ದಿಲ್ಲದೆ ಕೆಲಸ ಮಾಡಲು ಇದು ವರ. ಭಾರಿ ಗೇಮ್ ಹಾಕಿ ಬಹಳ ಹೊತ್ತು ಆಡಿದರೆ ಮಾತ್ರ ಚಿಪ್ ಬಿಸಿಯಾಗಿ, ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಸೆಕೆಂಡಿಗೆ 60 ಫ್ರೇಮ್ ಬರಬೇಕೆಂದರೆ ಒಂದೊಂದು ಫ್ರೇಮ್ ತಯಾರಿಸಲು ಸಿಗುವುದು ಸುಮಾರು 16 ಮಿಲಿಸೆಕೆಂಡ್ ಮಾತ್ರ. ಅದು ತಪ್ಪಿದಾಗ ಆಟ ತಡವರಿಸುತ್ತದೆ. ಏರ್‌ನ ಪರದೆಯೂ 60 ಹರ್ಟ್ಸ್‌ನದ್ದೇ. 120 ಹರ್ಟ್ಸ್ ಪರದೆ ಬೇಕಾದರೆ ಮ್ಯಾಕ್‌ಬುಕ್ ಪ್ರೊಗೆ ಹೋಗಬೇಕು, ಅದರ ಬೆಲೆ ಕೇಳಿದರೆ ಮನೆಯಲ್ಲಿ ಊಟ ಹಾಕುವುದಿಲ್ಲ!

ಸರಿ, ಪ್ರೊ ಕೊಳ್ಳುವಷ್ಟು ದುಡ್ಡಿದೆ ಎಂದೇ ಇಟ್ಟುಕೊಳ್ಳಿ. ಆಗಲೂ ಆಡುವುದೇನನ್ನು? ನಮ್ಮ ಕಾಲೇಜು ಫೆಸ್ಟ್‌ಗಳಲ್ಲಿ ಸ್ಪರ್ಧೆ ನಡೆಯುವ ‘ವ್ಯಾಲರಂಟ್’ ಮ್ಯಾಕ್‌ನಲ್ಲಿ ಇಲ್ಲ. ‘ಜಿಟಿಎ 5’ ಇಲ್ಲ. ‘ಕೌಂಟರ್-ಸ್ಟ್ರೈಕ್ 2’ ಮ್ಯಾಕ್‌ಗೆ ಬರುವುದಿಲ್ಲವೆಂದು ವಾಲ್ವ್ ಕಂಪನಿ 2023ರಲ್ಲೇ ಹೇಳಿತು. ‘ರಾಕೆಟ್ ಲೀಗ್’ 2020ರಲ್ಲಿ ಮ್ಯಾಕ್‌ನಿಂದ ಎದ್ದು ಹೋಯಿತು. ವಿಂಡೋಸ್ ಗೇಮ್‌ಗಳನ್ನು ಮ್ಯಾಕ್‌ನಲ್ಲಿ ಓಡಿಸಲು ‘ಕ್ರಾಸ್‌ಓವರ್’ನಂಥ ತಂತ್ರಾಂಶಗಳಿವೆ, ನಿಜ. ಆದರೆ ಮೋಸದಾಟ ತಡೆಯಲು ವಿಂಡೋಸ್‌ನ ಆಳಕ್ಕೇ ಇಳಿಯುವ ವ್ಯಾಲರಂಟ್‌ನಂಥ ಗೇಮ್‌ಗಳಿಗೆ ಆ ಉಪಾಯ ನಡೆಯುವುದಿಲ್ಲ.

ಇದಕ್ಕೆ ಆಪಲ್‌ನ ನಿರ್ಧಾರಗಳೂ ಕಾರಣ. 2019ರ ಕ್ಯಾಟಲೀನಾ ಆವೃತ್ತಿಯಲ್ಲಿ 32 ಬಿಟ್ ತಂತ್ರಾಂಶಗಳಿಗೆ ಬೆಂಬಲ ನಿಂತಿತು. ಹಳೆಯ ಗೇಮ್‌ಗಳು ಹಲವು ತೆರೆಯುವುದೇ ನಿಂತುಹೋಯಿತು. ಇಂಟೆಲ್ ಚಿಪ್‌ನ ಮ್ಯಾಕ್‌ಗಳಲ್ಲಿ ಬೂಟ್ ಕ್ಯಾಂಪ್ ಮೂಲಕ ವಿಂಡೋಸ್ ಹಾಕಿಕೊಳ್ಳಬಹುದಿತ್ತು. ಹೊಸ ಚಿಪ್ ಬಂದ ಮೇಲೆ ಆ ಬಾಗಿಲೂ ಮುಚ್ಚಿತು. ಗ್ರಾಫಿಕ್ಸ್‌ಗೆ ಆಪಲ್‌ನದ್ದೇ ಆದ ‘ಮೆಟಲ್’ ಬಳಸಬೇಕು. ಅಂದರೆ ಗೇಮ್ ತಯಾರಕರಿಗೆ ಹೆಚ್ಚುವರಿ ಕೆಲಸ. ಸ್ಟೀಮ್‌ನ ಸಮೀಕ್ಷೆಯಲ್ಲಿ ಮ್ಯಾಕ್ ಬಳಸುವವರು ನೂರಕ್ಕೆ ಸುಮಾರು ಇಬ್ಬರು. ಅಷ್ಟು ಜನರಿಗಾಗಿ ಯಾರು ಖರ್ಚು ಮಾಡುತ್ತಾರೆ? ಗೇಮ್ ಇಲ್ಲದ್ದರಿಂದ ಆಟಗಾರರು ಬರುವುದಿಲ್ಲ, ಆಟಗಾರರಿಲ್ಲದ್ದರಿಂದ ಗೇಮ್ ಬರುವುದಿಲ್ಲ. ಇದು ಇಂದಿನ ಕಥೆಯೂ ಅಲ್ಲ. ‘ಹೇಲೋ’ ಗೇಮ್ ಅನ್ನು 1999ರಲ್ಲಿ ಮೊದಲು ಪರಿಚಯಿಸಿದ್ದು ಸ್ಟೀವ್ ಜಾಬ್ಸ್, ಅದೂ ಮ್ಯಾಕ್‌ವರ್ಲ್ಡ್ ವೇದಿಕೆಯಲ್ಲಿ. ಮರುವರ್ಷ ಅದನ್ನು ತಯಾರಿಸುತ್ತಿದ್ದ ಬಂಜಿ ಕಂಪನಿಯನ್ನು ಮೈಕ್ರೋಸಾಫ್ಟ್ ಕೊಂಡಿತು. 2001ರಲ್ಲಿ ಹೇಲೋ ಬಂದದ್ದು ಎಕ್ಸ್‌ಬಾಕ್ಸ್‌ಗೆ.

ಮೊನ್ನೆ ಜೂನಿಯರ್ ಒಬ್ಬಳು ಕೇಳಿದಳು: ‘ಅಕ್ಕಾ, ಎಂ ಚಿಪ್ ತುಂಬಾ ಫಾಸ್ಟ್ ಅಂತೆ. ಅಪ್ಪ ಈ ಸಲದ ಅಡಿಕೆ ದುಡ್ಡಲ್ಲಿ ಕೊಡಿಸ್ತೀನಿ ಅಂದಿದ್ದಾರೆ. ತಗೊಳ್ಳಲಾ?’ ‘ನೀನು ಆಡೋದು ಏನು?’ ಅಂದೆ. ‘ವ್ಯಾಲರಂಟ್, ನಿಮ್ ಟೀಮಿಗೆ ಸೇರಬೇಕು.’ ‘ಹಾಗಾದ್ರೆ ಬೇಡ’ ಅಂದೆ. ಒಂದು ವರ್ಷದ ಬೆಳೆಯ ದುಡ್ಡು ಹಾಕುವಾಗ ಚಿಪ್‌ನ ವೇಗಕ್ಕಿಂತ ಮುಖ್ಯವಾದ ಪ್ರಶ್ನೆ ಅದೇ ಅಲ್ಲವೇ? ಮೇಲಾಗಿ, ಈ ಮ್ಯಾಕ್‌ಬುಕ್‌ಗಳಲ್ಲಿ ಆಮೇಲೆ ರ‍್ಯಾಮ್ ಹೆಚ್ಚಿಸಲು ಬರುವುದಿಲ್ಲ. ಮೊದಲ ದಿನ ಕೊಂಡದ್ದೇ ಕೊನೆಯ ದಿನಕ್ಕೂ. ಅನೇಕ ವಿಂಡೋಸ್ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಕೈಯಲ್ಲಿ ದುಡ್ಡು ಬಂದಾಗ ರ‍್ಯಾಮ್, ಎಸ್‌ಎಸ್‌ಡಿ ಸೇರಿಸಿಕೊಳ್ಳಬಹುದು.

ಹಾಗೆಂದು ಗೇಮಿಂಗ್ ಲ್ಯಾಪ್‌ಟಾಪ್ ದೇವರಲ್ಲ. ಹೊತ್ತರೆ ಬೆನ್ನು ನೋಯುತ್ತದೆ, ಫ್ಯಾನ್ ಮಿಕ್ಸಿಯಂತೆ ಕೂಗುತ್ತದೆ, ಚಾರ್ಜರ್ ಬಿಟ್ಟು ಹೊರಟರೆ ಮಧ್ಯಾಹ್ನದ ತರಗತಿಗೇ ಬ್ಯಾಟರಿ ಖಾಲಿ. ಐಫೋನ್ ಆ್ಯಪ್ ತಯಾರಿಸುವ ಕೆಲಸ ಹುಡುಕುವವರಿಗೆ ಮ್ಯಾಕ್ ಬೇಕೇ ಬೇಕು. ಅದಕ್ಕೆ ಬಳಸುವ ‘ಎಕ್ಸ್‌ಕೋಡ್’ ಓಡುವುದು ಮ್ಯಾಕ್‌ನಲ್ಲಿ ಮಾತ್ರ. ವಿಡಿಯೊ ಎಡಿಟಿಂಗ್ ಕಲಿಯುವವರಿಗೂ ಅದು ಒಳ್ಳೆಯ ಸಂಗಾತಿ. ವಾರಕ್ಕೊಮ್ಮೆ ಒಂದೆರಡು ಗೇಮ್ ಆಡಿ ಸುಮ್ಮನಾಗುವವರಿಗೆ ಕೊರತೆಯೇನೂ ಕಾಣದು.

ಹಾಗಾಗಿ ಅಂಗಡಿಗೆ ಹೋಗುವ ಮುನ್ನ ನೀವು ಆಡುವ ಐದು ಗೇಮ್‌ಗಳ ಹೆಸರು ಬರೆಯಿರಿ. ಅವು ಮ್ಯಾಕ್‌ಗೆ ಇವೆಯೇ ಎಂದು ಒಂದೊಂದಾಗಿ ನೋಡಿ. ಮೂರು ಇಲ್ಲವೆಂದಾದರೆ ಚಿಪ್‌ನ ವಿಮರ್ಶೆ ನೋಡುತ್ತಾ ಕೂರುವ ಅಗತ್ಯವೇ ಇಲ್ಲ. ಎತ್ತು ಎಷ್ಟೇ ಬಲಶಾಲಿಯಾದರೂ, ಉಳಲು ಹೊಲ ಬೇಕಲ್ಲ?