‘ಡಿಗ್ರಿ ಬೇಡ, 3 ತಿಂಗಳ ಕೋರ್ಸ್ ಸಾಕು, ಕೆಲಸ ಗ್ಯಾರಂಟಿ’: ನೆಟ್‌ವರ್ಕ್ ಅಡ್ಮಿನ್ ಆಗಲು ನಿಜಕ್ಕೂ ಏನು ಬೇಕು?

ಪಿಯುಸಿ, ಡಿಗ್ರಿ ಫಲಿತಾಂಶ ಬರುವ ಹೊತ್ತಿಗೆ ವಾಟ್ಸಾಪ್ ಗುಂಪುಗಳಲ್ಲಿ ಈ ಬಗೆಯ ಸಂದೇಶಗಳು ಓಡಾಡಲು ಶುರುವಾಗುತ್ತವೆ: “ಡಿಗ್ರಿ ಬೇಕಿಲ್ಲ. 3 ತಿಂಗಳ ನೆಟ್‌ವರ್ಕಿಂಗ್ ಕೋರ್ಸ್. 100% ಪ್ಲೇಸ್‌ಮೆಂಟ್. ಕೆಲವೇ ಸೀಟು ಬಾಕಿ.” ಇದನ್ನು ನಂಬಿ ಸಾಲ ಮಾಡಿ ಫೀಸು ಕಟ್ಟುವ ಮನೆಗಳಿವೆ. ಇನ್ನೊಂದು ಕಡೆ, ‘ಇಂಜಿನಿಯರಿಂಗ್ ಓದದಿದ್ದರೆ ಐಟಿ ಕೆಲಸವೇ ಇಲ್ಲ’ ಎನ್ನುವವರೂ ಇದ್ದಾರೆ. ಎರಡೂ ಪೂರ್ತಿ ನಿಜವಲ್ಲ. ಯಾವುದಕ್ಕೆ, ಯಾವಾಗ ಹಣ ಹಾಕಬೇಕು ಎಂಬುದನ್ನು ನೋಡೋಣ.

ಈ ಕೆಲಸದಲ್ಲಿ ಏನು ಮಾಡಬೇಕು?

ಬ್ಯಾಂಕ್, ಆಸ್ಪತ್ರೆ, ಕಾಲೇಜು, ಕಾರ್ಖಾನೆಗಳಲ್ಲಿ ಕಂಪ್ಯೂಟರ್‌ಗಳು ಒಂದಕ್ಕೊಂದು ಮಾತಾಡುವಂತೆ ನೋಡಿಕೊಳ್ಳುವವರೇ ನೆಟ್‌ವರ್ಕ್ ಅಡ್ಮಿನ್. ಕಾಲೇಜಿನ ಆಫೀಸಿನಿಂದ ‘ನೆಟ್ ಬರ್ತಿಲ್ಲ’ ಎಂದು ಫೋನ್ ಬಂತು ಅಂದುಕೊಳ್ಳಿ. ಆ ಕಂಪ್ಯೂಟರಿನ ಐಪಿ ವಿಳಾಸ 169.254 ಎಂದು ಶುರುವಾಗಿದ್ದರೆ, ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರ್‌ನಿಂದ ಅದಕ್ಕೆ ಉತ್ತರವೇ ಬಂದಿಲ್ಲ ಎಂದರ್ಥ. ಆಗ ಕೇಬಲ್, ಸ್ವಿಚ್ ಪೋರ್ಟ್, ಸರ್ವರ್ ಹೀಗೆ ಒಂದೊಂದಾಗಿ ನೋಡಬೇಕು. ವಿಳಾಸ ಸರಿಯಿದ್ದು, 8.8.8.8ಕ್ಕೆ ಪಿಂಗ್ ಮಾಡಿದರೆ ಉತ್ತರ ಬರುತ್ತಿದ್ದು, ವೆಬ್‌ಸೈಟ್ ಮಾತ್ರ ತೆರೆಯದಿದ್ದರೆ ಮೊದಲ ಅನುಮಾನ ಡಿಎನ್‌ಎಸ್ ಮೇಲೆ. ಹೆಸರನ್ನು ಐಪಿ ವಿಳಾಸಕ್ಕೆ ಬದಲಿಸಿಕೊಡುವ ವ್ಯವಸ್ಥೆ ಅದು.

ಹೀಗೆ ಹಂತ ಹಂತವಾಗಿ ಯೋಚಿಸುವುದೇ ಈ ಕೆಲಸದ ಜೀವಾಳ. ಸಂದರ್ಶನದಲ್ಲೂ ಇಂಥ ಪ್ರಶ್ನೆಗಳೇ ಬರುತ್ತವೆ. ಉತ್ತರ ಬಾಯಿಪಾಠದಿಂದ ಬರುವುದಿಲ್ಲ, ಕೈಯಿಂದ ಮಾಡಿ ನೋಡಿದರೆ ಮಾತ್ರ ಬರುತ್ತದೆ.

ಡಿಗ್ರಿ ಬೇಕೋ ಬೇಡವೋ?

ತಾಂತ್ರಿಕವಾಗಿ ಡಿಗ್ರಿ ಇಲ್ಲದೆಯೂ ಈ ಕೆಲಸ ಕಲಿಯಬಹುದು. ಐಟಿಐಯಲ್ಲಿ ಕಂಪ್ಯೂಟರ್ ಹಾರ್ಡ್‌ವೇರ್ ಮತ್ತು ನೆಟ್‌ವರ್ಕ್ ನಿರ್ವಹಣೆಯ ಟ್ರೇಡ್ ಇದೆ. ಎಸ್ಸೆಸ್ಸೆಲ್ಸಿ ಬಳಿಕ 3 ವರ್ಷದ ಡಿಪ್ಲೊಮಾ ಮಾಡಿದವರು ಡಿಸಿಇಟಿ ಬರೆದು ನೇರವಾಗಿ ಬಿಇ ಎರಡನೇ ವರ್ಷಕ್ಕೆ ಸೇರಬಹುದು. ಪಿಯುಸಿ ಆದವರಿಗೆ ಬಿಸಿಎ ಇದೆ.

ಆದರೆ ಅರ್ಜಿ ಹಾಕುವಾಗ ಲೆಕ್ಕ ಬದಲಾಗುತ್ತದೆ. ಸರ್ಕಾರಿ ಹುದ್ದೆಯ ಅಧಿಸೂಚನೆಯಲ್ಲಿ ಡಿಪ್ಲೊಮಾ ಅಥವಾ ಪದವಿ ಎಂದು ಬರೆದಿದ್ದರೆ, ಅದರ ಬದಲಿಗೆ ಖಾಸಗಿ ಸರ್ಟಿಫಿಕೇಟ್ ನಡೆಯುವುದಿಲ್ಲ. ಅನೇಕ ದೊಡ್ಡ ಕಂಪನಿಗಳೂ ಹೊಸಬರಿಂದ ಪದವಿ ಕೇಳುತ್ತವೆ. ಆದ್ದರಿಂದ ಓದುತ್ತಿರುವ ಡಿಗ್ರಿ ಬಿಟ್ಟು ಕೋರ್ಸಿಗೆ ಸೇರುವುದು ಜಾಣತನವಲ್ಲ. ಡಿಗ್ರಿ ಮುಗಿಸಿದವರು ನೆಟ್‌ವರ್ಕಿಂಗ್‌ಗಾಗಿಯೇ ಇನ್ನೊಂದು ಡಿಗ್ರಿ ಮಾಡುವ ಅಗತ್ಯವೂ ಇಲ್ಲ.

ಸಿಸಿಎನ್‌ಎ ಎಂದರೇನು?

ಇದು ರೂಟರ್, ಸ್ವಿಚ್ ತಯಾರಿಸುವ ಸಿಸ್ಕೋ ಕಂಪನಿಯ ಸರ್ಟಿಫಿಕೇಟ್. ಫೆಬ್ರವರಿ 2020ರಿಂದ ಇದಕ್ಕೆ 200-301 ಎಂಬ ಒಂದೇ ಪರೀಕ್ಷೆ, 120 ನಿಮಿಷ. ಬರೆಯಲು ಡಿಗ್ರಿಯ ಷರತ್ತಿಲ್ಲ. ಸಂದೇಶಗಳಲ್ಲಿ ಇಷ್ಟನ್ನು ಮಾತ್ರ ಹೇಳುತ್ತಾರೆ. ಹೇಳದೆ ಬಿಡುವ ಮೂರು ಸಂಗತಿಗಳಿವೆ.

ಮೊದಲನೆಯದು, ಈ ಪರೀಕ್ಷೆಗೆ ಒಂದು ವರ್ಷ ಅಥವಾ ಹೆಚ್ಚಿನ ಅನುಭವ ಇದ್ದರೆ ಒಳ್ಳೆಯದು ಎಂದು ಸಿಸ್ಕೋ ತಾನೇ ಹೇಳುತ್ತದೆ. ಅದು ಕಡ್ಡಾಯವಲ್ಲ, ಆದರೆ ‘15 ದಿನದಲ್ಲಿ ಸಿಸಿಎನ್‌ಎ’ ಎಂಬ ಮಾತು ಎಷ್ಟು ಹಗುರ ಎಂಬುದು ಇದರಿಂದ ತಿಳಿಯುತ್ತದೆ.

ಎರಡನೆಯದು, ಪರೀಕ್ಷಾ ಶುಲ್ಕ ತೆರಿಗೆ ಬಿಟ್ಟು 300 ಡಾಲರ್, ಅಂದರೆ 25 ಸಾವಿರ ರೂಪಾಯಿಗೂ ಹೆಚ್ಚು. ಕೋರ್ಸಿನ ಫೀಸಿನಲ್ಲಿ ಇದು ಸೇರಿದೆಯೇ ಎಂದು ಕೇಳಿ. ಸಂಸ್ಥೆ ಕೊಡುವ ‘ಕೋರ್ಸ್ ಮುಗಿಸಿದ ಪತ್ರ’ ಸಿಸಿಎನ್‌ಎ ಅಲ್ಲ. ಪರೀಕ್ಷೆ ಪಾಸಾದವರಿಗೆ ಸಿಸ್ಕೋ ಕೊಡುವುದಷ್ಟೇ ಸಿಸಿಎನ್‌ಎ.

ಮೂರನೆಯದು, ಇದರ ಅವಧಿ 3 ವರ್ಷ. ಬಿಸಿಎ ಮೊದಲ ವರ್ಷದಲ್ಲೇ ಪಾಸಾದರೆ ಕೆಲಸ ಹುಡುಕುವ ಹೊತ್ತಿಗೆ ಅವಧಿಯ ಬಹುಪಾಲು ಕಳೆದಿರುತ್ತದೆ. ಕಲಿಕೆ ಮೊದಲೇ ಶುರುವಾಗಲಿ, ಪರೀಕ್ಷೆ ಕೊನೆಯ ವರ್ಷದಲ್ಲಿರಲಿ.

‘ಡಂಪ್ಸ್ ಕೊಡ್ತೀವಿ, ಪಾಸ್ ಗ್ಯಾರಂಟಿ’

ಡಂಪ್ಸ್ ಎಂದರೆ ಕದ್ದ ಪ್ರಶ್ನೆಪತ್ರಿಕೆ. ಪರೀಕ್ಷೆಗೆ ಮುನ್ನ ಅಭ್ಯರ್ಥಿ ಗೋಪ್ಯತೆಯ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟಿರುತ್ತಾರೆ. ಅದನ್ನು ಮುರಿದರೆ ಸಿಸ್ಕೋ ಸರ್ಟಿಫಿಕೇಟನ್ನೇ ರದ್ದು ಮಾಡಬಹುದು. ರದ್ದಾಗದೆ ಉಳಿದರೂ, ಮೇಲೆ ಹೇಳಿದ ಡಿಎನ್‌ಎಸ್ ಪ್ರಶ್ನೆಗೇ ಸಂದರ್ಶನದಲ್ಲಿ ಬಣ್ಣ ಬಯಲಾಗುತ್ತದೆ.

‘100% ಪ್ಲೇಸ್‌ಮೆಂಟ್’ ಎನ್ನಬಹುದೇ?

ಕೋಚಿಂಗ್ ಸಂಸ್ಥೆಗಳ ದಾರಿತಪ್ಪಿಸುವ ಜಾಹೀರಾತು ತಡೆಯಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ನವೆಂಬರ್ 2024ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಶೇ. 100 ಆಯ್ಕೆ, ಕೆಲಸ ಗ್ಯಾರಂಟಿ ಎಂಬಂಥ ಸುಳ್ಳು ಭರವಸೆಗಳಿಗೆ ಅದರಲ್ಲಿ ತಡೆಯಿದೆ. ಮೋಸ ಹೋದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ‘ಪ್ಲೇಸ್‌ಮೆಂಟ್ ಅಸಿಸ್ಟೆನ್ಸ್’ ಎಂದು ಬರೆದಿದ್ದರೆ ಎಚ್ಚರ. ಸಂದರ್ಶನಕ್ಕೆ ಕಳುಹಿಸುತ್ತೇವೆ ಎಂಬುದಷ್ಟೇ ಅದರ ಅರ್ಥ, ಕೆಲಸ ಕೊಡಿಸುತ್ತೇವೆ ಎಂದಲ್ಲ.

ಕ್ಲೌಡ್, ಎಐ ಬಂದ ಮೇಲೆ ಈ ಕೆಲಸ ಉಳಿಯುತ್ತದೆಯೇ?

ಕೆಲಸದ ರೂಪ ಬದಲಾಗುತ್ತಿದೆ. ಅನೇಕ ಕಂಪನಿಗಳ ಸರ್ವರ್‌ಗಳು ಕ್ಲೌಡ್‌ಗೆ ಹೋಗಿವೆ. ಒಂದೊಂದೇ ಸ್ವಿಚ್‌ಗೆ ಕೈಯಿಂದ ಕಮಾಂಡ್ ಹಾಕುವ ಕೆಲಸ ಕಡಿಮೆಯಾಗುತ್ತಿದೆ. ಆದರೆ ಕ್ಲೌಡ್‌ನೊಳಗೂ ಐಪಿ ವಿಳಾಸ, ಸಬ್‌ನೆಟ್, ರೂಟಿಂಗ್, ಫೈರ್‌ವಾಲ್ ಇದ್ದೇ ಇವೆ. ಸಿಸಿಎನ್‌ಎ ಪಠ್ಯದಲ್ಲೇ ಆಟೊಮೇಷನ್‌ಗೆ ಶೇ. 10ರಷ್ಟು ಪಾಲಿದೆ. ಅಡಿಪಾಯ ಗಟ್ಟಿಯಾದ ಮೇಲೆ ಲಿನಕ್ಸ್, ಸ್ವಲ್ಪ ಪೈಥಾನ್, ಒಂದು ಕ್ಲೌಡ್ ಸೇವೆ ಕಲಿತವರಿಗೆ ದಾರಿ ಅಗಲವಾಗುತ್ತದೆ.

ಫೀಸು ಕಟ್ಟುವ ಮುನ್ನ

ಮೊದಲು ಒಂದು ತಿಂಗಳು ಪುಕ್ಕಟೆಯಾಗಿ ಕಲಿತು ನೋಡಿ. ಸಿಸ್ಕೋ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಹೆಸರು ನೋಂದಾಯಿಸಿದರೆ ಪ್ಯಾಕೆಟ್ ಟ್ರೇಸರ್ ಉಚಿತವಾಗಿ ಸಿಗುತ್ತದೆ. ರೂಟರ್ ಕೊಳ್ಳದೆಯೇ ಕಂಪ್ಯೂಟರಿನಲ್ಲಿ ಪೂರ್ತಿ ನೆಟ್‌ವರ್ಕ್ ಕಟ್ಟಿ ಅಭ್ಯಾಸ ಮಾಡಬಹುದು. 192.168.10.0 ನೆಟ್‌ವರ್ಕನ್ನು /26ರಂತೆ ಭಾಗ ಮಾಡಿದರೆ 4 ಸಬ್‌ನೆಟ್ ಆಗುತ್ತವೆ, ಒಂದೊಂದರಲ್ಲೂ 62 ಸಾಧನಗಳಿಗೆ ವಿಳಾಸ ಕೊಡಬಹುದು. ಏಕೆ 64 ಅಲ್ಲ, 62? ಒಂದು ತಿಂಗಳ ಬಳಿಕ ಇದನ್ನು ನೀವು ಇನ್ನೊಬ್ಬರಿಗೆ ವಿವರಿಸಬಲ್ಲಿರಾದರೆ, ಕಲಿಯುವ ಆಸೆಯೂ ಉಳಿದಿದ್ದರೆ, ಆಗ ತರಬೇತಿಗೆ ಹಣ ಹಾಕಿ.

ಸಂಸ್ಥೆಗೆ ಹೋದಾಗ ಇಷ್ಟು ಕೇಳಿ:
- ಒಬ್ಬ ವಿದ್ಯಾರ್ಥಿಗೆ ವಾರಕ್ಕೆ ಎಷ್ಟು ಗಂಟೆ ಲ್ಯಾಬ್?
- ಪಾಠ ಮಾಡುವವರು ಯಾವ ನೆಟ್‌ವರ್ಕ್‌ನಲ್ಲಿ ಕೆಲಸ ಮಾಡಿದ್ದಾರೆ?
- ಕಳೆದ ಬ್ಯಾಚಿನ ಇಬ್ಬರು ಮೂವರ ಜೊತೆ ಮಾತಾಡಬಹುದೇ?
- ನಡುವೆ ಬಿಟ್ಟರೆ ಎಷ್ಟು ಹಣ ವಾಪಸ್? ಅದನ್ನು ಬರೆದು ಕೊಡುತ್ತೀರಾ?

ಉತ್ತರ ಕೊಡದೆ ‘ಇವತ್ತೇ ಕಟ್ಟಿದರೆ ಡಿಸ್ಕೌಂಟ್’ ಎಂದರೆ ಎದ್ದು ಬನ್ನಿ. ನಿಮ್ಮ ಗುಂಪಿನಲ್ಲಿ ‘ಕೆಲಸ ಗ್ಯಾರಂಟಿ’ ಸಂದೇಶ ಹಾಕಿದವರಿಗೂ ಈ ನಾಲ್ಕು ಪ್ರಶ್ನೆಗಳನ್ನು ಕಳುಹಿಸಿ.