ಕಂತು ಕೇಳಲಿ, ಬೆದರಿಕೆ ಹಾಕದಿರಲಿ

2025ರ ಜನವರಿಯಲ್ಲಿ ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನ ಹೆಣ್ಣುಮಕ್ಕಳು ತಾಳಿಯನ್ನು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕಿ ಮುಖ್ಯಮಂತ್ರಿಗೆ ಕಳಿಸಿದರು. ಕಿರುಸಾಲ ವಸೂಲಿಗೆ ಬರುವವರ ಕಾಟ ತಪ್ಪಿಸಿ, ‘ಮಾಂಗಲ್ಯ ಉಳಿಸಿ’ ಎಂಬುದು ಅವರ ಬೇಡಿಕೆ. ಮರುತಿಂಗಳು 12ರಂದು, ಕಿರುಸಾಲ ಮತ್ತು ಸಣ್ಣ ಸಾಲದ ವಸೂಲಿಯಲ್ಲಿ ಬಲವಂತವನ್ನು ತಡೆಯುವ ಸುಗ್ರೀವಾಜ್ಞೆಗೆ ರಾಜ್ಯಪಾಲರ ಅಂಕಿತ ಬಿತ್ತು. ಮಾರ್ಚ್ ಅಧಿವೇಶನದಲ್ಲಿ ಅದು ಮಸೂದೆಯಾಗಿ ಅಂಗೀಕಾರವಾಯಿತು. ಅಂದಿನಿಂದ ಈ ಕಾನೂನಿಗೆ ಎರಡೂ ಕಡೆಯಿಂದ ಏಟು ಬೀಳುತ್ತಿದೆ. ಇದು ಅತಿಯಾಯಿತು ಎನ್ನುವವರು ಒಂದು ಕಡೆ, ಇದರಲ್ಲಿ ಏನೂ ಇಲ್ಲ ಎನ್ನುವವರು ಇನ್ನೊಂದು ಕಡೆ. ಇಬ್ಬರಿಗೂ ಉತ್ತರ ಹೇಳಬೇಕಾಗಿದೆ.

ಇರುವ ಕಾನೂನುಗಳೇ ಸಾಕಿತ್ತು, ಹೊಸದು ಯಾಕೆ ಎಂಬುದು ಮೊದಲ ಮಾತು. ಸುಗ್ರೀವಾಜ್ಞೆಯನ್ನು ಮೊದಲ ಸಲ ವಾಪಸ್ ಕಳಿಸಿದಾಗ ರಾಜ್ಯಪಾಲ ಥಾವರ್‌ಚಂದ್ ಗೆಹ್ಲೋಟ್ ಅವರೂ ಇದನ್ನೇ ಹೇಳಿದ್ದರು. ಪಟ್ಟಿ ಉದ್ದವಿದೆ, ನಿಜ. 1961ರ ಲೇವಾದೇವಿದಾರರ ಕಾಯ್ದೆ ಇದೆ, 2004ರ ಅತಿಬಡ್ಡಿ ನಿಷೇಧ ಕಾಯ್ದೆ ಇದೆ, ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಮಿನಲ್ಲಿ ಬೆದರಿಕೆಗೆ ಎರಡು ವರ್ಷದವರೆಗೆ ಶಿಕ್ಷೆಯೂ ಇದೆ. ಆದರೆ ಆ ಬೆದರಿಕೆಯ ಅಪರಾಧ ಅಸಂಜ್ಞೇಯ. ಅಂದರೆ ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ಪೊಲೀಸರು ತನಿಖೆಗೇ ಇಳಿಯುವಂತಿಲ್ಲ. ಠಾಣೆಯ ಮೆಟ್ಟಿಲು ಹತ್ತಿದ ಹೆಣ್ಣುಮಗಳಿಗೆ ಸಿಗುತ್ತಿದ್ದುದು ಒಂದು ಎನ್‌ಸಿ (ಅಸಂಜ್ಞೇಯ) ಚೀಟಿ, ಜೊತೆಗೆ ‘ಇದು ಸಿವಿಲ್ ಮ್ಯಾಟರ್ ಐತವ್ವಾ, ಕೋರ್ಟಿಗೆ ಹೋಗ್ರಿ’ ಎಂಬ ಬುದ್ಧಿಮಾತು. ಅವಳು ಆ ಚೀಟಿ ಹಿಡಿದು ಮನೆಗೆ ಬರುವಷ್ಟರಲ್ಲಿ ವಸೂಲಿಯವನು ಮತ್ತೆ ಕಟ್ಟೆಯ ಮೇಲೆ ಕೂತಿರುತ್ತಿದ್ದ.

ಹೊಸ ಕಾನೂನು ಬದಲಿಸಿದ್ದು ಈ ಜಾಗವನ್ನು. ಅಪರಾಧ ಸಂಜ್ಞೇಯವಾಯಿತು, ಜಾಮೀನುರಹಿತವಾಯಿತು. ದೂರು ದಾಖಲಿಸುವುದಿಲ್ಲ ಎಂದು ಪೊಲೀಸರು ಹೇಳುವಂತಿಲ್ಲ. ಡಿವೈಎಸ್‌ಪಿ ದರ್ಜೆಯ ಅಧಿಕಾರಿ ದೂರಿಗೆ ಕಾಯದೆ ತಾನಾಗಿ ಪ್ರಕರಣ ದಾಖಲಿಸಬಹುದು. ಕಾನೂನಿನ ಪುಸ್ತಕದಲ್ಲಿ ಕಲಮು ಇರುವುದು ಬೇರೆ, ಆ ಕಲಮಿನ ಹೆಸರಿನಲ್ಲಿ ಜೀಪು ಹೊರಡುವುದು ಬೇರೆ. ಬ್ಯಾಡಗಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2024ರ ಮಾರ್ಚ್ 11ರ ಸೋಮವಾರ ಮೆಣಸಿನಕಾಯಿ ದರ ಕುಸಿದು, ರೊಚ್ಚಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದಾಗ ಪ್ರಕರಣ, ಬಂಧನ ಎಲ್ಲವೂ ಬೇಗಬೇಗ ಆದವು. ಬೆಂಕಿ ಹಚ್ಚಿದ್ದು ತಪ್ಪು, ಕೇಸು ಆಗಬೇಕಾದ್ದೇ. ಅದೇ ಚುರುಕು ಹೊಸ್ತಿಲಲ್ಲಿ ನಿಂತು ಮಾನ ಕಳೆಯುವವನ ವಿಷಯದಲ್ಲೂ ಬೇಕು ಎನ್ನುವುದು ಹೆಚ್ಚಿನ ಆಸೆಯೇನಲ್ಲ.

ಇನ್ನು ಶಿಕ್ಷೆಯ ಮಾತು. ಕಿರುಸಾಲದ ಗರಿಷ್ಠ ಮೊತ್ತವೇ ಮೂರು ಲಕ್ಷ, ಅದಕ್ಕೆ 10 ವರ್ಷ ಜೈಲು, 5 ಲಕ್ಷ ದಂಡ ಎಂದರೆ ಸಹಜ ನ್ಯಾಯಕ್ಕೆ ವಿರುದ್ಧ ಎನ್ನುತ್ತಾರೆ. ಈ ಲೆಕ್ಕವೇ ತಪ್ಪು. ಶಿಕ್ಷೆ ಸಾಲದ ಮೊತ್ತಕ್ಕಲ್ಲ, ಕೃತ್ಯಕ್ಕೆ. ದಾರಿಯಲ್ಲಿ ಅಡ್ಡಗಟ್ಟಿ ಮೂಗುತಿ ಕಿತ್ತುಕೊಂಡರೂ ಸುಲಿಗೆಗೆ ಹತ್ತು ವರ್ಷದವರೆಗೆ ಶಿಕ್ಷೆಯಿದೆ, ಮೂಗುತಿಯ ಬೆಲೆ ಎಷ್ಟೆಂದು ಯಾರೂ ಕೇಳುವುದಿಲ್ಲ. ಆತ್ಮಹತ್ಯೆಗೆ ಪ್ರಚೋದನೆ ಕೊಟ್ಟರೂ ಹತ್ತು ವರ್ಷದವರೆಗೆ ಇದೆ. ಮೇಲಾಗಿ ಹತ್ತು ವರ್ಷ ಎಂಬುದು ಗರಿಷ್ಠ ಮಿತಿ, ಎಷ್ಟು ಕೊಡಬೇಕೆಂದು ತೂಗಿ ನೋಡುವವರು ನ್ಯಾಯಾಧೀಶರು.

ಈ ಆಕ್ಷೇಪದಲ್ಲಿ ಒಂದು ಎಳೆ ಮಾತ್ರ ಗಟ್ಟಿ ಇದೆ. ಏಳು ವರ್ಷದವರೆಗಿನ ಅಪರಾಧಗಳಲ್ಲಿ ಸುಮ್ಮಸುಮ್ಮನೆ ಬಂಧಿಸಬಾರದು, ಮೊದಲು ನೋಟಿಸು ಕೊಡಿ ಎಂದು ಸುಪ್ರೀಂ ಕೋರ್ಟ್ 2014ರ ಅರ್ನೇಶ್ ಕುಮಾರ್ ತೀರ್ಪಿನಲ್ಲಿ ಹೇಳಿದೆ. ಹತ್ತು ವರ್ಷದ ಅಪರಾಧಕ್ಕೆ ಆ ರಕ್ಷಣೆ ಅಷ್ಟಾಗಿ ಸಿಗದು. ಹಾಗಾಗಿ ಮೊದಲು ಸಿಕ್ಕಿಬೀಳುವವನು ಬೈಕಿನ ಮೇಲೆ ಊರೂರು ಅಲೆಯುವ ಹುಡುಗ, ಪದವಿ ಮುಗಿಸಿ ಬೇರೆ ಕೆಲಸ ಸಿಗದೆ ಫೀಲ್ಡ್ ಆಫೀಸರ್ ಆದವನು. ಅವನಿಗೆ ವಸೂಲಿಯ ಗುರಿ ಕೊಟ್ಟು ‘ದುಡ್ಡು ತರದೆ ಬರಬೇಡ’ ಎಂದವರು ಶಾಖೆಯಲ್ಲಿ ಫ್ಯಾನಿನ ಕೆಳಗೆ ಕೂತಿರುತ್ತಾರೆ. ಪ್ರಚೋದನೆಯ ಕಲಮುಗಳು ನ್ಯಾಯ ಸಂಹಿತೆಯಲ್ಲೇ ಇವೆ. ತನಿಖೆ ಆ ಹುಡುಗನಲ್ಲಿಗೆ ನಿಲ್ಲದೆ ಮೇಲಿನವರೆಗೆ ಹೋಗಲಿ. ಅದಕ್ಕಾಗಿ ಕಾನೂನನ್ನೇ ಬೇಡ ಎನ್ನಬೇಕಿಲ್ಲ.

ಬಡವರಿಗೆ ಸಾಲವೇ ಹುಟ್ಟದಂತಾಗುತ್ತದೆ ಎಂಬ ಹೆದರಿಕೆಯನ್ನು ಕಿರುಸಾಲ ಸಂಸ್ಥೆಗಳ ಕಡೆಯವರು ಹಬ್ಬಿಸುತ್ತಿದ್ದಾರೆ. 2010ರ ಅಕ್ಟೋಬರಿನಲ್ಲಿ ಆಂಧ್ರ ಕಿರುಸಾಲದ ಮೇಲೆ ಸುಗ್ರೀವಾಜ್ಞೆ ತಂದ ನಂತರ ಅಲ್ಲಿ ಮರುಪಾವತಿ ಕುಸಿದುಬಿದ್ದದ್ದು ನಿಜ. ಆದರೆ ಕರ್ನಾಟಕದಲ್ಲಿ ಸಾಲದ ಕೈ ಬಿಗಿಯಾದದ್ದು ಈ ಕಾನೂನಿಗಿಂತ ಮುಂಚೆ. ಒಬ್ಬರಿಗೆ ನಾಲ್ಕಕ್ಕಿಂತ ಹೆಚ್ಚು ಸಂಸ್ಥೆಗಳು ಸಾಲ ಕೊಡಬಾರದು ಎಂದು 2024ರ ಜುಲೈನಲ್ಲಿ, ಮೂರಕ್ಕಿಂತ ಹೆಚ್ಚು ಕೊಡಬಾರದು ಎಂದು ನವೆಂಬರಿನಲ್ಲಿ ತೀರ್ಮಾನಿಸಿದ್ದು ಆ ಸಂಸ್ಥೆಗಳದೇ ಒಕ್ಕೂಟ ಎಂಫಿನ್. ಒಂದೇ ಮನೆಗೆ ಮೇಲಿಂದ ಮೇಲೆ ಸಾಲ ಸುರಿದದ್ದು ಅತಿಯಾಯಿತು ಎಂಬ ಒಪ್ಪಿಗೆ ಅದರಲ್ಲೇ ಇದೆ.

ಊರ ಕಟ್ಟೆಯಲ್ಲಿ ಹೆಚ್ಚು ಕೇಳುವ ಮಾತು ಇನ್ನೊಂದು. ‘ತಗೊಳ್ಳುವಾಗ ಸಿಹಿ, ಕೊಡುವಾಗ ಕಹಿಯೇನು? ಸಾಲ ತೀರಿಸಬಾರದೇ?’ ತೀರಿಸಬೇಕು. ಬಹುತೇಕ ಹೆಣ್ಣುಮಕ್ಕಳು ಹೊಟ್ಟೆ ಕಟ್ಟಿಯಾದರೂ ತೀರಿಸುತ್ತಲೇ ಬಂದಿದ್ದಾರೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವವಳನ್ನು ನೋಡಿ. ಘಾಟಿಗೆ ಮೂಗುಬಾಯಿ ಮುಚ್ಚುವಂತೆ ಸೆರಗು ಸುತ್ತಿಕೊಂಡು, ಉರಿಯುವ ಬೆರಳಲ್ಲೇ ಹೊತ್ತು ಮುಳುಗುವ ತನಕ ಬಿಡಿಸುತ್ತಾಳೆ. ಆ ಕೆಲಸ ಸುಗ್ಗಿಯ ಕೆಲವು ತಿಂಗಳದ್ದು, ಕಂತು ಮಾತ್ರ ವರ್ಷವಿಡೀ ವಾರವಾರ ಬರುತ್ತದೆ. ಮಳೆಗಾಲದಲ್ಲಿ ಕೂಲಿ ತಪ್ಪಿ ಒಂದು ವಾರ ಕಂತು ನಿಂತರೆ, ಸಾಲದ ಗುಂಪಿನ ಉಳಿದವರನ್ನೂ ಎದ್ದು ಹೋಗದಂತೆ ಕೂರಿಸುತ್ತಾರೆ. ಒಲೆ ಹಚ್ಚುವ ಹೊತ್ತು ಮೀರಿದ ಮೇಲೆ ಬೈಗುಳ ಶುರುವಾಗುವುದು ಓಣಿಯ ಗೆಳತಿಯರ ಬಾಯಿಂದಲೇ. ಒಬ್ಬಳ ಬಾಕಿಗೆ ಹತ್ತು ಮಂದಿಯ ಸ್ನೇಹ ಒತ್ತೆ ಬೀಳುವ ಈ ವ್ಯವಸ್ಥೆಯನ್ನು ಸಾಲದ ಶಿಸ್ತು ಎಂದು ಕರೆಯುವುದು ನನಗೆ ಒಪ್ಪಿಗೆಯಿಲ್ಲ. ಬಾಕಿ ಉಳಿದರೆ ನೋಟಿಸಿದೆ, ನ್ಯಾಯಾಲಯವಿದೆ. ನೋಂದಾಯಿತ ಸಂಸ್ಥೆಯ ಆ ದಾರಿಯನ್ನು ಈ ಕಾನೂನು ಮುಚ್ಚಿಲ್ಲ. ಮುಚ್ಚಿದ್ದು ನೋಂದಣಿಯಿಲ್ಲದೆ ಮೀಟರ್ ಬಡ್ಡಿ ತಿನ್ನುವವರ ದಾರಿಯನ್ನು.

ಕಡೆಯದು, ನಮ್ಮ ಹೋರಾಟದ ಗೆಳೆಯರ ಆಕ್ಷೇಪ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಸಂಸ್ಥೆಗಳನ್ನು ಹೊರಗಿಟ್ಟ ಮೇಲೆ ಇದು ಹಲ್ಲಿಲ್ಲದ ಕಾನೂನು ಎನ್ನುತ್ತಾರೆ. ಹೊರಗಿಡಲು ಕಾರಣವಿದೆ. ಅಂಥ ಹಣಕಾಸು ಕಂಪನಿಗಳಿಗೆ ಕೇರಳದ, ಗುಜರಾತಿನ ಲೇವಾದೇವಿ ಕಾಯ್ದೆಗಳು ಅನ್ವಯಿಸುವುದಿಲ್ಲ ಎಂದು 2022ರ ಮೇ 10ರಂದು ನೆಡುಂಪಿಲ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ಅವರನ್ನೂ ಸೇರಿಸಿದ್ದರೆ ಇಡೀ ಕಾನೂನಿಗೆ ತಡೆಯಾಜ್ಞೆ ಬರುವ ಅಪಾಯವಿತ್ತು. ಆದರೆ ಆ ತೀರ್ಪು ಮಾತಾಡಿದ್ದು ಪರವಾನಗಿ, ಬಡ್ಡಿ, ವ್ಯವಹಾರದ ನಿಯಂತ್ರಣದ ಬಗ್ಗೆ. ಬೆದರಿಕೆ ಹಾಕುವ ಹಕ್ಕನ್ನು ಅದು ಯಾರಿಗೂ ಕೊಟ್ಟಿಲ್ಲ. ಪೊಲೀಸು, ಸಾರ್ವಜನಿಕ ಸುವ್ಯವಸ್ಥೆ ರಾಜ್ಯದ ಪಟ್ಟಿಯಲ್ಲಿವೆ, ಅಪರಾಧ ಕಾನೂನು ಸಮವರ್ತಿ ಪಟ್ಟಿಯಲ್ಲಿದೆ. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಫೋನ್ ಮಾಡಬಾರದು, ಒರಟುತನ ಕೂಡದು ಎಂದು ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನವೇ ಹೇಳಿದೆ. ಅದನ್ನು ಮುರಿದವನ ಮೇಲೆ ಎಫ್‌ಐಆರ್ ಹಾಕುವ ಬಲ ಮಾತ್ರ ಅದಕ್ಕಿಲ್ಲ. ಆ ಬಲವನ್ನು ಕೊಡಬೇಕಾದ್ದು ರಾಜ್ಯ.

ಸಾಲದ ನಿಯಂತ್ರಣವನ್ನು ರಿಸರ್ವ್ ಬ್ಯಾಂಕಿಗೇ ಬಿಟ್ಟು, ವಸೂಲಿಯ ಬೆದರಿಕೆ ಯಾವ ಸಂಸ್ಥೆಯ ನೌಕರನಿಂದ ಬಂದರೂ ಸಂಜ್ಞೇಯ ಅಪರಾಧ ಎನ್ನುವ ಒಂದು ತಿದ್ದುಪಡಿ ಸಾಕು. ಹಾವೇರಿ ಜಿಲ್ಲೆಯ ಆರೂ ಶಾಸಕರು ಪಕ್ಷ ನೋಡದೆ ಮುಂದಿನ ಅಧಿವೇಶನದಲ್ಲಿ ಅದನ್ನು ಕೇಳಲಿ. ಅಲ್ಲಿಯವರೆಗೆ, ಜಿಲ್ಲೆಯಲ್ಲಿ ನೋಂದಣಿಯಾದ ಸಂಸ್ಥೆಗಳ ಪಟ್ಟಿಯನ್ನು ಜಿಲ್ಲಾಡಳಿತ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಲಿ.