ಭಾನುವಾರ ನುಂಗಿದ ವಿಮಾನ

2021ರ ಜನವರಿ 9, ಶನಿವಾರ ರಾತ್ರಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಏರ್ ಇಂಡಿಯಾ ವಿಮಾನ ಹತ್ತಿದವರು ಬೆಂಗಳೂರಿನಲ್ಲಿ ಇಳಿದಾಗ ಸೋಮವಾರದ ನಸುಕು. ನಡುವಿನ ಭಾನುವಾರ ಏನಾಯಿತು? ಸುಮಾರು 17 ಗಂಟೆ ಹಾರಾಟಕ್ಕೆ ಹೋಯಿತು, ಹದಿಮೂರೂವರೆ ಗಂಟೆಯನ್ನು ಎರಡೂರ ಗಡಿಯಾರಗಳ ವ್ಯತ್ಯಾಸ ತಿಂದುಹಾಕಿತು.

ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಮಹಿಳೆಯರೇ ಉತ್ತರ ಧ್ರುವದ ಮೇಲಿಂದ ಹಾರಿಸಿ ತಂದ ವಿಮಾನ ಅದು. ಸಂಭ್ರಮಕ್ಕೆ ತಕ್ಕ ಸಂಗತಿಯೇ. ಅದರ ಜೊತೆ ಇನ್ನೊಂದು ಸಂಖ್ಯೆಯೂ ಪತ್ರಿಕೆಗಳಲ್ಲಿ ಮೆರೆಯಿತು: ಸುಮಾರು 16 ಸಾವಿರ ಕಿ.ಮೀ. ಆದರೆ ಭೂಗೋಳದ ಮೇಲೆ ಈ ಎರಡು ಊರುಗಳ ನಡುವೆ ದಾರ ಎಳೆದು ಅಳೆದರೆ ಸಿಗುವುದು 14 ಸಾವಿರ. ಗೋಡೆಗೆ ತೂಗುಹಾಕಿದ ನಕ್ಷೆ ಪೆಸಿಫಿಕ್ ಸಾಗರದ ಮೇಲೆ ಅಡ್ಡಗೆರೆ ತೋರಿಸುತ್ತದೆ. ದಾರ ಮಾತ್ರ ಸೈಬೀರಿಯ ಹತ್ತಿ ಆರ್ಕ್ಟಿಕ್ ವೃತ್ತದ ಆಚೆ ಹಾಯುತ್ತದೆ. ವಿಮಾನ ಆ ದಾರವನ್ನೇ ಹಿಡಿದು ಹೋಗುವುದೂ ಅಪರೂಪ.

ಗಾಳಿ ಅದಕ್ಕೊಂದು ಕಾರಣ. ಒಂಬತ್ತು, ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಜೆಟ್ ಸ್ಟ್ರೀಮ್ ಬೆನ್ನಿಗೆ ಬಿದ್ದರೆ ವಿಮಾನಕ್ಕೆ ಲಾಭ, ಎದುರಾದರೆ ನಷ್ಟ. 2020ರ ಫೆಬ್ರವರಿಯಲ್ಲಿ ಕಿಯಾರಾ ಚಂಡಮಾರುತದ ಹೊತ್ತಿಗೆ ಬ್ರಿಟಿಷ್ ಏರ್‌ವೇಸ್‌ನ ವಿಮಾನವೊಂದು ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ಬಂದುಬಿಟ್ಟಿತು. ಅದೇ ದಾರಿಯಲ್ಲಿ ವಾಪಸಾಗಲು ಸಾಮಾನ್ಯ ದಿನಗಳಲ್ಲೇ ಏಳು ಗಂಟೆ ಮೀರುತ್ತದೆ. ಕಿಲೋಮೀಟರು ಎರಡೂ ಕಡೆಗೆ ಒಂದೇ!

ಗಾಳಿಯಾದರೂ ದಿನ ಕಳೆದರೆ ತಿರುಗೀತು, ಸರ್ಕಾರಗಳು ಅಷ್ಟು ಬೇಗ ತಿರುಗುವುದಿಲ್ಲ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾಗಿ ರಷ್ಯಾದ ಆಕಾಶ ಮುಚ್ಚಿದಾಗ, ಒಂಬತ್ತೂವರೆ ಗಂಟೆಯ ಆಸುಪಾಸಿನಲ್ಲಿದ್ದ ಹೆಲ್ಸಿಂಕಿ–ಟೋಕಿಯೊ ಪಯಣ 13 ಗಂಟೆ ದಾಟಿತು. ಫಿನ್‌ಏರ್ ವಿಮಾನಗಳು ಉತ್ತರ ಧ್ರುವ ಸುತ್ತಿಕೊಂಡು ಹೋಗಬೇಕಾಯಿತು. ಊರುಗಳು ಒಂದಂಗುಲವೂ ಸರಿದಿರಲಿಲ್ಲ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶ ಮುಚ್ಚಿದ ಮೇಲೆ ದೆಹಲಿಯಿಂದ ಯುರೋಪು, ಅಮೆರಿಕಕ್ಕೆ ಹೊರಡುವ ಭಾರತೀಯ ವಿಮಾನಗಳಿಗೂ ಇದೇ ಸುತ್ತುಬಳಸು.

ಹಳಬರು ದೂರವನ್ನು ‘ಕೂಗಳತೆ’ ಎನ್ನುತ್ತಿದ್ದರು, ‘ಅರ್ಧ ದಿನದ ದಾರಿ’ ಎನ್ನುತ್ತಿದ್ದರು. ನಡೆಯುವವನ ಕಾಲಿಗೆ ತಕ್ಕ ಆ ಲೆಕ್ಕವೇ ಜೆಟ್ ಕಾಲಕ್ಕೂ ಸರಿ. ಮಗಳ ಬಾಣಂತನಕ್ಕೆಂದು ಹಾಸನದಿಂದ ಕ್ಯಾಲಿಫೋರ್ನಿಯಕ್ಕೆ ಹೊರಟ ತಾಯಿಗೆ 14 ಸಾವಿರ ಕಿ.ಮೀ. ಎಂದರೆ ಏನೂ ಹೇಳಿದಂತಾಗಲಿಲ್ಲ. ದೇವನಹಳ್ಳಿ ಮುಟ್ಟಲು ನಾಲ್ಕೈದು ಗಂಟೆ, ಅಲ್ಲಿ ಮೂರು ಗಂಟೆ ಮೊದಲೇ ಸಾಲಿನಲ್ಲಿ ನಿಲ್ಲಬೇಕು, ನಡುವೆ ವಿಮಾನ ಬದಲಿಸಬೇಕು, ಇಳಿದ ಮೇಲೆ ವಲಸೆ ತಪಾಸಣೆಯ ಇನ್ನೊಂದು ಸಾಲು. ಇವೆಲ್ಲ ಟಿಕೆಟ್ಟಿನ ಮೇಲಿನ ‘ಪ್ರಯಾಣ ಸಮಯ’ದಲ್ಲಿ ಪೂರ್ತಿಯಾಗಿ ಸೇರುವುದೇ ಇಲ್ಲ, ಆದರೆ ಮಂಡಿ ನೋಯುವುದು ಇವಕ್ಕೂ ಸೇರಿಸಿಯೇ.

ಅಪ್ಪ ಅಮ್ಮನಿಗೆ ಟಿಕೆಟ್ ಕಾಯ್ದಿರಿಸುವ ಮಕ್ಕಳೇ, ಐದಾರು ಸಾವಿರ ರೂಪಾಯಿ ಉಳಿತಾಯ ನೋಡುವ ಮುನ್ನ ಹೋಗುವುದಕ್ಕೂ ಬರುವುದಕ್ಕೂ ಬೇರೆಬೇರೆಯಾಗಿ, ಮನೆ ಬಾಗಿಲಿಂದ ಮನೆ ಬಾಗಿಲಿಗೆ ಎಷ್ಟು ಗಂಟೆ ಎಂದು ಒಮ್ಮೆ ಕೂಡಿ ನೋಡಿ.